ಹ್ಯಾಲೋಜನ್ ಹೋಗಿ ಎಲ್‌ಇಡಿ ಬಂದಾಗ ಡಿಮ್ಮರ್‌ನ ಪಾಡು

ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂತಹ ಊರುಗಳಲ್ಲಿ ಫಾಲ್ಸ್ ಸೀಲಿಂಗ್ ಮಾಡಿಸಿದ ಮನೆಗಳ ಹಜಾರದಲ್ಲಿ, ಷೋಕೇಸಿನ ಒಳಗೆ, ದೇವರ ಕೋಣೆಯ ಮೇಲೆ ಕೂರಿಸಿದ ಸಣ್ಣ ಫೋಕಸ್ ಲೈಟುಗಳಲ್ಲಿ ಹ್ಯಾಲೋಜನ್ ಬಲ್ಬು ಸಾಮಾನ್ಯವಾಗಿತ್ತು. ಆ ಜಾಗಕ್ಕೆ ಎಲ್‌ಇಡಿ ಹಾಕುವುದು ಲಾಭವೆಂಬುದರಲ್ಲಿ ಎರಡು ಮಾತಿಲ್ಲ: 50 ವ್ಯಾಟಿನ ಆರು ಹ್ಯಾಲೋಜನ್‌ಗಳು ದಿನಕ್ಕೆ ನಾಲ್ಕು ಗಂಟೆ ಉರಿದರೆ ತಿಂಗಳಿಗೆ 36 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ, ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 5 ವ್ಯಾಟಿನ ಎಲ್‌ಇಡಿಗಳಿಗೆ 3.6 ಯೂನಿಟ್ ಸಾಕು. ತೊಡಕು ಎದುರಾಗುವುದು ಆ ದೀಪಗಳ ಬೆಳಕನ್ನು ಹೆಚ್ಚುಕಡಿಮೆ ಮಾಡಲು ಗೋಡೆಯ ಬೋರ್ಡಿನಲ್ಲಿ ಡಿಮ್ಮರ್ ಇದ್ದಾಗ. ಅಂತಹ ಮನೆಯಲ್ಲಿ ಬಲ್ಬಿನ ಪೆಟ್ಟಿಗೆಯನ್ನು ಓದುವುದಕ್ಕಿಂತ ಮೊದಲು ಬೋರ್ಡಿನ ಒಳಗೇನಿದೆ ಎಂಬುದನ್ನು ತಿಳಿಯಬೇಕಾಗುತ್ತದೆ.

ಹ್ಯಾಲೋಜನ್ ಬಲ್ಬು ಹಳೆಯ ತಂತಿ ಬಲ್ಬಿನ ವಂಶದ್ದೇ. ಟಂಗ್‌ಸ್ಟನ್ ತಂತಿಯಲ್ಲಿ ವಿದ್ಯುತ್ ಹರಿದಾಗ ಅದು ಕಾದು ಬೆಳಗುತ್ತದೆ. ಕಾದ ತಂತಿಯಿಂದ ಆವಿಯಾದ ಲೋಹವು ಗಾಜಿಗೆ ಅಂಟಿ ಬಲ್ಬು ಕಪ್ಪಾಗದಂತೆ, ಒಳಗೆ ತುಂಬಿರುವ ಅಯೋಡಿನ್ ಅಥವಾ ಬ್ರೋಮಿನ್‌ನಂತಹ ಹ್ಯಾಲೋಜನ್ ಮೂಲವಸ್ತು ಅದನ್ನು ಮರಳಿ ತಂತಿಯ ಕಡೆಗೆ ಒಯ್ಯುತ್ತದೆ. ಇಂತಹ ತಂತಿಗೆ ವಿದ್ಯುತ್ ಯಾವ ರೂಪದಲ್ಲಿ ಬಂದರೂ ತಕರಾರಿಲ್ಲ. ಕಡಿಮೆ ಬಂದರೆ ಕಡಿಮೆ ಕಾಯುತ್ತದೆ, ತುಂಡುತುಂಡಾಗಿ ಬಂದರೂ ಒಂದು ತುಂಡಿಗೂ ಮತ್ತೊಂದಕ್ಕೂ ನಡುವೆ ತಣ್ಣಗಾಗುವಷ್ಟು ಬಿಡುವು ಅದಕ್ಕೆ ಸಿಗುವುದಿಲ್ಲ. ಡಿಮ್ಮರ್‌ಗಳು ರೂಪುಗೊಂಡದ್ದು ಇಷ್ಟು ಸಹನೆಯುಳ್ಳ ದೀಪಗಳಿಗಾಗಿ.

ಡಿಮ್ಮರ್ ಮಾಡುವ ಕೆಲಸವೆಂದರೆ ಅಲೆಯನ್ನು ಕತ್ತರಿಸುವುದು. ಮನೆಗೆ ಬರುವ 230 ವೋಲ್ಟಿನ ವಿದ್ಯುತ್ ಸೆಕೆಂಡಿಗೆ 50 ಬಾರಿ ಹಿಂದೆಮುಂದೆ ಹೊಯ್ದಾಡುವುದರಿಂದ ಸೆಕೆಂಡಿಗೆ 100 ಅರ್ಧ ಅಲೆಗಳಾಗುತ್ತವೆ. ಪ್ರತಿ ಅರ್ಧ ಅಲೆಯ ಮೊದಲ ಭಾಗವನ್ನು ತಡೆದು ಉಳಿದದ್ದನ್ನು ಮಾತ್ರ ಬಿಡುವ ಡಿಮ್ಮರ್‌ಗೆ ಲೀಡಿಂಗ್ ಎಡ್ಜ್ ಎಂದೂ, ಮೊದಲ ಭಾಗವನ್ನು ಬಿಟ್ಟು ಬಾಲವನ್ನು ಕತ್ತರಿಸುವುದಕ್ಕೆ ಟ್ರೇಲಿಂಗ್ ಎಡ್ಜ್ ಎಂದೂ ಹೆಸರು. ಹಳೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯ ಬಗೆ. ಅದರ ಹೃದಯಭಾಗದಲ್ಲಿ ಟ್ರಯಾಕ್ ಎಂಬ ಅರೆವಾಹಕ ಸ್ವಿಚ್ ಇರುತ್ತದೆ. ನುಣ್ಣಗೆ ತಿರುಗುವ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಕೂಡ ಇದೇ ತತ್ವದ್ದು. ಹಾಗೆಂದು ಫ್ಯಾನ್ ರೆಗ್ಯುಲೇಟರನ್ನೇ ದೀಪಕ್ಕೆ ಜೋಡಿಸುವ ರೂಢಿ ಒಳ್ಳೆಯದಲ್ಲ. ಕಟಕಟನೆ ಹಂತಹಂತವಾಗಿ ತಿರುಗುವ, ಒಳಗೆ ಕೆಪಾಸಿಟರ್ ಇರುವ ರೆಗ್ಯುಲೇಟರಂತೂ ಎಲ್‌ಇಡಿಗೆ ಸಲ್ಲದು.

ಎಲ್‌ಇಡಿ ನೇರವಾಗಿ ಈ ವಿದ್ಯುತ್ತಿನಿಂದ ಬೆಳಗುವುದಿಲ್ಲ. ಬೆಳಕು ಸೂಸುವ ಡಯೋಡ್‌ಗೆ ಒಂದೇ ದಿಕ್ಕಿನಲ್ಲಿ ಹರಿಯುವ, ಅಳತೆ ಮೀರದ ವಿದ್ಯುತ್ ಬೇಕಾದ್ದರಿಂದ, ಅದನ್ನು ಒದಗಿಸುವ ಡ್ರೈವರ್ ಎಂಬ ಪುಟ್ಟ ಮಂಡಲವೊಂದು ಬಲ್ಬಿನ ಬುಡದಲ್ಲಿ ಅಡಗಿರುತ್ತದೆ. ಸಾಮಾನ್ಯ ಬಲ್ಬಿನ ಡ್ರೈವರ್‌ಗೆ ಹೊರಗಿನ ವಿದ್ಯುತ್ ಏರಿಳಿದರೂ ಬೆಳಕನ್ನು ಒಂದೇ ಮಟ್ಟದಲ್ಲಿ ಕಾಯುವುದೇ ಕರ್ತವ್ಯ. ಡಿಮ್ಮರ್ ಅಲೆಯನ್ನು ಕತ್ತರಿಸಿದಷ್ಟೂ ಅದು ಸೋಲದಿರಲು ಹೆಣಗುತ್ತದೆ, ಬೆಳಕು ಮಿಣುಕುತ್ತದೆ, ಕೊನೆಗೆ ಡ್ರೈವರ್ ಸುಟ್ಟುಹೋಗುವುದೂ ಉಂಟು. ಡಿಮ್ಮಬಲ್ ಎಂದು ಮಾರಾಟವಾಗುವ ಬಲ್ಬಿನ ಡ್ರೈವರ್ ಮಾತ್ರ ಅಲೆಯ ಎಷ್ಟು ಭಾಗ ಕತ್ತರಿಸಿಹೋಗಿದೆ ಎಂಬುದನ್ನು ಗುರುತಿಸಿ, ಡಯೋಡ್‌ಗೆ ಕಳಿಸುವ ವಿದ್ಯುತ್ತನ್ನು ಅದಕ್ಕೆ ತಕ್ಕಂತೆ ತಗ್ಗಿಸುತ್ತದೆ. ಪೆಟ್ಟಿಗೆಯ ಮೇಲೆ ಡಿಮ್ಮಬಲ್ ಎಂದು ಸ್ಪಷ್ಟವಾಗಿ ಅಚ್ಚಾಗಿರದ ಬಲ್ಬನ್ನು ಡಿಮ್ಮಬಲ್ ಅಲ್ಲವೆಂದೇ ತಿಳಿಯತಕ್ಕದ್ದು.

ಆದರೆ ಡಿಮ್ಮಬಲ್ ಬಲ್ಬನ್ನೇ ತಂದರೂ ಮಿಣುಕು ನಿಲ್ಲದಿರುವ ಮನೆಗಳು ಅನೇಕ, ಮತ್ತು ಅಂಗಡಿಯವರು ಹೇಳದೆ ಬಿಡುವ ಸಂಗತಿ ಇರುವುದು ಇಲ್ಲಿಯೇ. ಟ್ರಯಾಕ್ ಒಮ್ಮೆ ತೆರೆದುಕೊಂಡ ಮೇಲೆ ತೆರೆದೇ ಇರಬೇಕಾದರೆ ಅದರ ಮೂಲಕ ಒಂದು ಕನಿಷ್ಠ ಪ್ರಮಾಣದ ವಿದ್ಯುತ್ ಹರಿಯುತ್ತಿರಬೇಕು. 300 ವ್ಯಾಟಿನ ಹ್ಯಾಲೋಜನ್ ಸಾಲಿಗೆ ಅದು ಲೆಕ್ಕಕ್ಕೇ ಬಾರದ ಷರತ್ತು. ಬಲ್ಬು ಬದಲಿಸಿ ಸಾಲಿನ ಹೊರೆ 30 ವ್ಯಾಟಿಗೆ ಇಳಿದಾಗ ಟ್ರಯಾಕ್ ಅಲೆಯ ನಡುವೆಯೇ ಮುಚ್ಚಿಕೊಂಡು ಮತ್ತೆ ತೆರೆದುಕೊಳ್ಳತೊಡಗುತ್ತದೆ. ಹಳೆಯ ಡಿಮ್ಮರನ್ನು ಬೋರ್ಡಿನಿಂದ ಹೊರತೆಗೆದು ಬೆನ್ನು ತಿರುಗಿಸಿದರೆ 60 ರಿಂದ 400 ವ್ಯಾಟ್ ಎಂಬಂತಹ ಬರಹ ಕಾಣುವುದುಂಟು. ಅದರಲ್ಲಿ ಮನೆಯವರ ಕಣ್ಣಿಗೆ ಬೀಳುವುದು 400, ಎಲ್‌ಇಡಿಯ ಹಣೆಬರಹ ನಿರ್ಧರಿಸುವುದು 60. ಸಾಲಿನಲ್ಲಿ ಒಂದೇ ಒಂದು ಹ್ಯಾಲೋಜನ್ ಉಳಿಸಿದರೆ ಮಿಣುಕು ಮಾಯವಾಗುವುದಕ್ಕೆ ಕಾರಣವೂ ಇದೇ: ಆ ಒಂದು ಬಲ್ಬು ಡಿಮ್ಮರ್‌ಗೆ ಬೇಕಾದ ಹೊರೆಯನ್ನು ಹೊರುತ್ತದೆ. ಹಲವು ಎಲೆಕ್ಟ್ರಿಷಿಯನ್‌ಗಳಿಗೆ ಈ ಉಪಾಯ ಗೊತ್ತು. ಉಳಿತಾಯದ ಒಂದು ಪಾಲನ್ನು ಅದು ನುಂಗಿಹಾಕುತ್ತದೆ ಎಂಬುದು ಬೇರೆ ಮಾತು.

ಇದಕ್ಕೆ ನೇರವಾದ ಪರಿಹಾರವೆಂದರೆ ಎಲ್‌ಇಡಿಗೆಂದೇ ತಯಾರಾದ, ಕೆಲವೇ ವ್ಯಾಟ್‌ಗಳ ಹೊರೆಯಲ್ಲೂ ನಡೆಯುವ ಡಿಮ್ಮರನ್ನು, ಸಾಧ್ಯವಾದರೆ ಟ್ರೇಲಿಂಗ್ ಎಡ್ಜ್ ಬಗೆಯದನ್ನು ಹಾಕಿಸುವುದು. ಅಲೆ ಥಟ್ಟನೆ ನಡುವಿನಿಂದ ಶುರುವಾಗದೆ ಸೊನ್ನೆಯಿಂದ ಮೆಲ್ಲಗೆ ಏರುವುದರಿಂದ ಇದರಲ್ಲಿ ಬಲ್ಬಿನ ಗುಂಯ್‌ಗುಡುವಿಕೆಯೂ ಕಡಿಮೆ.

ಫಾಲ್ಸ್ ಸೀಲಿಂಗಿನ ದೀಪ 12 ವೋಲ್ಟಿನದಾಗಿದ್ದರೆ, ಅಂದರೆ ಬಲ್ಬಿನ ಬುಡದಲ್ಲಿ ಸಣ್ಣ ಸೂಜಿಯಂತಹ ಎರಡು ಪಿನ್‌ಗಳಿರುವ ಎಂಆರ್16 ಬಗೆಯದಾಗಿದ್ದರೆ, ಡಿಮ್ಮರ್‌ಗೂ ಬಲ್ಬಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಎಂಬ ಮೂರನೆಯ ಪಾತ್ರಧಾರಿ ಇರುತ್ತದೆ. ಹ್ಯಾಲೋಜನ್‌ಗೆಂದು ಮಾಡಿದ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್‌ಗೂ 20 ವ್ಯಾಟ್‌ನಂತಹ ಕನಿಷ್ಠ ಹೊರೆ ಬೇಕಾಗುವುದರಿಂದ, 5 ವ್ಯಾಟಿನ ಒಂಟಿ ಎಲ್‌ಇಡಿ ಅದರ ಮೇಲೆ ಸರಿಯಾಗಿ ನಡೆಯುವ ಭರವಸೆಯಿಲ್ಲ. ಈ ಮೂವರನ್ನೂ ಒಂದೇ ತಾಳಕ್ಕೆ ಕುಣಿಸುವ ಸಾಹಸಕ್ಕಿಂತ ಟ್ರಾನ್ಸ್‌ಫಾರ್ಮರನ್ನು ತೆಗೆಸಿ, ಹೋಲ್ಡರ್ ಬದಲಿಸಿ, ನೇರ 230 ವೋಲ್ಟಿಗೆ ಬರುವ, ದಪ್ಪ ತಲೆಯ ಎರಡು ಪಿನ್‌ಗಳನ್ನು ತಿರುಗಿಸಿ ಕೂರಿಸುವ ಜಿಯು10 ಬಲ್ಬು ಹಾಕಿಸುವುದು ವಾಸಿ.

ಬಲ್ಬಿನ ಆಯ್ಕೆಗೆ ಬಂದರೆ, ಅದು ಎಷ್ಟರವರೆಗೆ ಮಂದವಾಗುತ್ತದೆ ಎಂಬ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಮನುಷ್ಯನ ಕಣ್ಣು ಬೆಳಕನ್ನು ಮಾಪಕದಂತೆ ಅಳೆಯುವುದಿಲ್ಲ. ಮಾಪಕದಲ್ಲಿ 10 ಪ್ರತಿಶತಕ್ಕೆ ಇಳಿದ ಬೆಳಕು ಕಣ್ಣಿಗೆ ಹೆಚ್ಚುಕಡಿಮೆ ಮೂರನೆಯ ಒಂದು ಭಾಗದಷ್ಟು ತೋರುತ್ತದೆ. ಆದ್ದರಿಂದ 10 ಪ್ರತಿಶತದಲ್ಲೇ ನಿಲ್ಲುವ ಬಲ್ಬು ಊಟದ ಮೇಜಿಗೆ ಸಾಕಾದೀತು, ಮಗು ಮಲಗಿರುವ ಕೋಣೆಗೆ ಸಾಲದು. ಬಣ್ಣದ ವಿಷಯದಲ್ಲೂ ವ್ಯತ್ಯಾಸವಿದೆ: ಹ್ಯಾಲೋಜನ್ ತಂತಿ ತಣ್ಣಗಾದಂತೆ ಬೆಳಕು ಕೆಂಪಿಗೆ ತಿರುಗುತ್ತಿತ್ತು, ಸಾಮಾನ್ಯ ಡಿಮ್ಮಬಲ್ ಎಲ್‌ಇಡಿ ಮಂದವಾದರೂ ಅದೇ ಬಣ್ಣದಲ್ಲಿ ಉಳಿದು ಪೇಲವವಾಗಿ ಕಾಣುತ್ತದೆ. ಆ ಹಳೆಯ ಕೆಂಬಣ್ಣ ಬೇಕೆನ್ನುವವರಿಗಾಗಿ ಡಿಮ್ ಟು ವಾರ್ಮ್ ಎಂಬ ಬಲ್ಬುಗಳಿವೆ. ಬೆಲೆ ಮಾತ್ರ ಹೆಚ್ಚು.

ಉಳಿದ ಅಳತೆಗಳು ಸರಳ. ವ್ಯಾಟ್ ಎಂಬುದು ಖರ್ಚಿನ ಲೆಕ್ಕ, ಬೆಳಕಿನ ಲೆಕ್ಕ ಲ್ಯೂಮೆನ್. 50 ವ್ಯಾಟಿನ ಹ್ಯಾಲೋಜನ್ ಫೋಕಸ್ ಲೈಟಿಗೆ ಬದಲಾಗಿ ಸುಮಾರು 350 ಲ್ಯೂಮೆನ್ ಇರುವುದನ್ನು, 2700 ರಿಂದ 3000 ಕೆಲ್ವಿನ್ ಬಣ್ಣದಲ್ಲಿ, ಬೆಳಕು ಹರಡುವ ಕೋನ ಹಳೆಯದರಷ್ಟೇ ಇರುವಂತೆ ನೋಡಿ ಕೊಂಡರೆ ಆಯಿತು. ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದನ್ನು ಹೇಳುವ ಸಿಆರ್‌ಐ ಅಂಕ ಹ್ಯಾಲೋಜನ್‌ನಲ್ಲಿ 100ರ ಆಸುಪಾಸು ಇದ್ದರೆ, ಸಾಮಾನ್ಯ ಎಲ್‌ಇಡಿಯಲ್ಲಿ 80. ಸೀರೆಯ ಬಣ್ಣ ಆರಿಸುವ ಅಲಮಾರಿಯ ಮುಂದೆ, ಅಡುಗೆಕಟ್ಟೆಯ ಮೇಲೆ 90 ಅಥವಾ ಹೆಚ್ಚಿನದಕ್ಕೆ ಹಣ ತೆರುವುದು ಸಾರ್ಥಕ. ಮೊಬೈಲಿನಿಂದ ನಿಯಂತ್ರಿಸುವ ಸ್ಮಾರ್ಟ್ ಬಲ್ಬಿನ ಒಳಗೇ ಮಂದಗೊಳಿಸುವ ಏರ್ಪಾಡು ಇರುವುದರಿಂದ ಅದನ್ನು ಗೋಡೆಯ ಡಿಮ್ಮರ್‌ಗೆ ಜೋಡಿಸಬಾರದು.

ಇಷ್ಟೆಲ್ಲ ತಾಪತ್ರಯ ಎಲ್ಲ ಮನೆಗಳಿಗೂ ಬೇಕಿಲ್ಲ. ವರ್ಷಗಟ್ಟಲೆ ಯಾರೂ ತಿರುಗಿಸದ ಡಿಮ್ಮರ್ ಇದ್ದರೆ ಅದನ್ನು ಕಿತ್ತು ಮಾಮೂಲಿ ಸ್ವಿಚ್ ಹಾಕಿಸಿ, ಮಾಮೂಲಿ ಎಲ್‌ಇಡಿ ಕೊಳ್ಳುವುದೇ ಅಗ್ಗದ ದಾರಿ. ಬೆಳಕನ್ನು ನಿಜವಾಗಿಯೂ ಹೆಚ್ಚುಕಡಿಮೆ ಮಾಡಿಕೊಳ್ಳುವ ಮನೆಯವರು ಬಲ್ಬುಗಳನ್ನು ಒಮ್ಮೆಗೇ ಡಜನ್‌ಗಟ್ಟಲೆ ತರದೆ, ಸಾಲಿಗೆ ಬೇಕಾದಷ್ಟನ್ನು ಮಾತ್ರ, ಹಿಂತಿರುಗಿಸುವ ಮಾತಿನ ಮೇಲೆ ತಂದು, ರಾತ್ರಿ ಹೊತ್ತು ಡಿಮ್ಮರನ್ನು ಅತಿ ಕೆಳಗಿನ ಮಟ್ಟಕ್ಕೆ ಇಳಿಸಿ ಮಿಣುಕು, ಸದ್ದು ಎರಡನ್ನೂ ಪರೀಕ್ಷಿಸಿ, ಸರಿಯೆನಿಸಿದ ಮೇಲೆ ಉಳಿದ ಕೋಣೆಗಳಿಗೆ ಅದೇ ಕಂಪನಿಯ ಅದೇ ಮಾದರಿಯನ್ನು ಕೊಳ್ಳಬೇಕು. ಬೋರ್ಡನ್ನು ಬಿಚ್ಚುವ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೇ ಬಿಡಬೇಕು. ಡಿಮ್ಮರ್ ಆರಿಸಿದ್ದರೂ ಅದರ ತಂತಿಯಲ್ಲಿ ವಿದ್ಯುತ್ ಇದ್ದೇ ಇರುವುದರಿಂದ ಎಂಸಿಬಿ ಇಳಿಸದೆ ಅದನ್ನು ಮುಟ್ಟಕೂಡದು.