ವಿದ್ಯಾರ್ಥಿಗಳ ದೈಹಿಕ ಸಾಮರ್ಥ್ಯ: ಅಂದು ಮತ್ತು ಇಂದು

ಮಗನು ತನಗಿಂತ ಎತ್ತರವಾಗಿ ಬೆಳೆದುದನ್ನು ಕಂಡು ತಂದೆಯು ಹಿಗ್ಗುವುದು ಸಹಜ. ಆದರೆ ದೇಹದ ಬೆಳವಣಿಗೆ ಬೇರೆ, ದೈಹಿಕ ಸಾಮರ್ಥ್ಯ ಬೇರೆ. ಜಪಾನ್ ಸರ್ಕಾರವು ವಿದ್ಯಾರ್ಥಿಗಳ ಓಟ, ಜಿಗಿತ, ಚೆಂಡೆಸೆತಗಳನ್ನು 1964ರಿಂದ ಅಳೆಯುತ್ತ ಬಂದಿದೆ. ಅಲ್ಲಿ ಸುಮಾರು 1985ರವರೆಗೆ ಏರುತ್ತಿದ್ದ ಸಾಮರ್ಥ್ಯವು ಅನಂತರ ಇಳಿಮುಖವಾಯಿತು. ಮುಂದಿನ ತಲೆಮಾರಿನ ಬಾಲಕರು ಎತ್ತರದಲ್ಲಿ ತಂದೆಯರನ್ನು ಮೀರಿಸಿದರೂ ಓಟದಲ್ಲಿ, ಚೆಂಡೆಸೆತದಲ್ಲಿ ಅವರಿಗಿಂತ ಹಿಂದುಳಿದರು.

ಎತ್ತರವನ್ನು ಬಹುಮಟ್ಟಿಗೆ ಪೌಷ್ಟಿಕ ಆಹಾರವೂ ರೋಗನಿಯಂತ್ರಣವೂ ಹೆಚ್ಚಿಸಿವೆ. ದಮ್ಮಾದರೋ ಹೃದಯ, ಶ್ವಾಸಕೋಶ, ಸ್ನಾಯುಗಳನ್ನು ದಿನನಿತ್ಯ ದುಡಿಸುವುದರಿಂದ ಬರತಕ್ಕದ್ದು. ಶಾಲೆಗೆ ನಡೆದು ಹೋಗುವುದು, ನೀರು ಹೊರುವುದು, ಕತ್ತಲಾಗುವ ತನಕ ಬಯಲಿನಲ್ಲಿ ಆಡುವುದು, ಇವನ್ನು ಹಿಂದಿನವರು ವ್ಯಾಯಾಮವೆಂದು ಕರೆಯಲಿಲ್ಲ. ಆದರೂ ಅವು ವ್ಯಾಯಾಮವೇ ಆಗಿದ್ದವು. ನಗರದ ವಿದ್ಯಾರ್ಥಿಗೆ ಇಂದು ಶಾಲಾ ಬಸ್ಸು, ಟ್ಯೂಷನ್, ಮೊಬೈಲ್ ಇವೆ. ಆಡಲು ಬಯಲು ಸಿಗುವುದೇ ಕಷ್ಟ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸುತ್ತದೆ. (ಟಿ.ವಿ.ಯಲ್ಲಿ ಕ್ರಿಕೆಟ್ ನೋಡುವುದನ್ನು ಇದರಲ್ಲಿ ಎಣಿಸಬಾರದು.) 2016ರ ಅಂದಾಜಿನಂತೆ ಜಗತ್ತಿನ 11ರಿಂದ 17 ವರ್ಷದ ಬಾಲಕರಲ್ಲಿ ನೂರಕ್ಕೆ ಸುಮಾರು 78 ಮಂದಿ ಇಷ್ಟನ್ನೂ ಪೂರೈಸುತ್ತಿರಲಿಲ್ಲ.

ನಮ್ಮ ದೇಶದಲ್ಲಿ 2019ರ ಆಗಸ್ಟ್ 29ರಂದು ಫಿಟ್ ಇಂಡಿಯಾ ಆಂದೋಲನವು ಆರಂಭವಾಯಿತು. ಅದರ ಪರೀಕ್ಷಾಕ್ರಮದಲ್ಲಿ 9ರಿಂದ 18 ವರ್ಷದವರಿಗೆ 50 ಮೀಟರ್ ವೇಗದ ಓಟ ಹಾಗೂ 600 ಮೀಟರ್ ಓಟ ಅಥವಾ ನಡಿಗೆ ಇವೆ. ಶಾಲೆಯಲ್ಲಿ ಈ ಪರೀಕ್ಷೆ ನಡೆದಿದ್ದರೆ ಪಾಲಕರು ಮಗನ ಎತ್ತರ, ತೂಕಗಳ ಜೊತೆಗೆ 600 ಮೀಟರಿಗೆ ಅವನು ತೆಗೆದುಕೊಂಡ ಸಮಯವನ್ನೂ ಕೇಳಿ ಬರೆದಿಟ್ಟುಕೊಂಡು, ಮುಂದಿನ ವರ್ಷದ ಸಮಯದೊಡನೆ ಹೋಲಿಸಿ ನೋಡಬಹುದು.