ಸೌದೆ ಕೊಟ್ಟರೆ ಸಾಕೇ?

ನಿರಾಶ್ರಿತರ ಶಿಬಿರದಲ್ಲಿ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ಎಂದೊಡನೆ ಹಲವರ ಕಣ್ಣಿಗೆ ಕಟ್ಟುವುದು ಸೌದೆಗೆಂದು ಕುರುಚಲು ಕಾಡಿಗೆ ಹೋದವಳು, ಪೊದೆಯ ಮರೆಯಲ್ಲಿ ಹೊಂಚುಹಾಕಿದ ಅಪರಿಚಿತ. ಇದು ಬರೀ ಕಲ್ಪನೆಯಲ್ಲ. 1991ರಲ್ಲಿ ಸೊಮಾಲಿಯಾದ ಸರ್ಕಾರ ಕುಸಿದ ಮೇಲೆ ಗಡಿ ದಾಟಿ ಬಂದವರಿಗಾಗಿ ಕೀನ್ಯಾದ ದಾದಾಬ್‌ನಲ್ಲಿ ಇಫೊ, ದಗಹಲೆ, ಹಗಡೆರಾ ಎಂಬ ಶಿಬಿರಗಳು ಎದ್ದವು. 90 ಸಾವಿರ ಮಂದಿಗೆಂದು ಕಟ್ಟಿದ ಈ ನೆಲೆಯಲ್ಲಿ 2011ರ ಕ್ಷಾಮದ ಹೊತ್ತಿಗೆ 4 ಲಕ್ಷಕ್ಕೂ ಹೆಚ್ಚು ಜನರಿದ್ದರು. ಪಡಿತರದಲ್ಲಿ ಕಾಳುಕಡ್ಡಿ ಸಿಗುತ್ತಿತ್ತು, ಅದನ್ನು ಬೇಯಿಸಲು ಉರುವಲು ಸಿಗುತ್ತಿರಲಿಲ್ಲ. ಹಾಗಾಗಿ ಹೆಂಗಸರು ಮೈಲಿಗಟ್ಟಲೆ ನಡೆದರು, ‘ಶಿಫ್ತಾ’ ಎಂದು ಕರೆಸಿಕೊಳ್ಳುವ ದರೋಡೆಕೋರರ ಕೈಗೆ ಸಿಕ್ಕರು. ಮಾನವ ಹಕ್ಕು ಸಂಘಟನೆಗಳು 1993ರಲ್ಲೇ ಇದನ್ನು ದಾಖಲಿಸಿದ್ದವು. ಆದರೆ ಇಷ್ಟನ್ನೇ ಹಿಡಿದು ‘ಸೌದೆಯೇ ಕಾರಣ, ಸೌದೆ ಕೊಟ್ಟರೆ ಮುಗಿಯಿತು’ ಎಂಬ ತೀರ್ಮಾನಕ್ಕೆ ಬಂದದ್ದೇ ಎಡವಟ್ಟಾಯಿತು.

ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 1998ರಲ್ಲಿ ದಾದಾಬ್‌ನಲ್ಲಿ ಸೌದೆ ಹಂಚಲು ಶುರುಮಾಡಿತು. ಮನೆಯೊಂದರ ಅಗತ್ಯದ ಸುಮಾರು ಮೂರನೇ ಒಂದು ಪಾಲು ಹೀಗೆ ಬಂತು. 2001ರ ಮೌಲ್ಯಮಾಪನದ ಪ್ರಕಾರ, ಮನೆಗಳಲ್ಲಿ ಸೌದೆ ತುಂಬಿದ್ದ ಅವಧಿಯಲ್ಲಿ ಸೌದೆಗೆ ಹೋದಾಗಿನ ಅತ್ಯಾಚಾರಗಳು ಶೇ. 45ರಷ್ಟು ಇಳಿದವು, ಅದೇ ಅವಧಿಯಲ್ಲಿ ಬೇರೆ ಸಂದರ್ಭಗಳಲ್ಲಿನ ಅತ್ಯಾಚಾರಗಳು ಶೇ. 78ರಿಂದ 113ರವರೆಗೆ ಏರಿದವು. ಕಾಡಿನ ದಾರಿಗೆ ತಡೆ ಹಾಕಿದರೆ ಅಪರಾಧ ಬೇರೆ ದಾರಿ ಹಿಡಿಯಿತು. ಸೌದೆ ಸಿಕ್ಕ ಧೈರ್ಯಕ್ಕೆ ಹೆಚ್ಚು ಮಂದಿ ದೂರು ಕೊಟ್ಟಿರಬಹುದಲ್ಲ ಎಂದು ಯಾರಾದರೂ ಕೇಳಬಹುದು. ಹಾಗಿದ್ದಲ್ಲಿ ಕಾಡಿನ ಪ್ರಕರಣಗಳ ದೂರುಗಳೂ ಏರಬೇಕಿತ್ತು, ಅವು ಇಳಿದವು. ಹಾಗೆಂದು ಸೌದೆ ಹಂಚಿದ್ದು ದಂಡ ಎನ್ನಲಾಗದು. ಒಬ್ಬಳ ನಡಿಗೆ ಉಳಿದರೂ ಅದು ಲಾಭವೇ. ಆದರೆ ಅದು ಉರುವಲಿನ ಯೋಜನೆ. ಅದನ್ನು ರಕ್ಷಣೆಯ ಯೋಜನೆಯೆಂದು ಲೆಕ್ಕಕ್ಕೆ ಬರೆದದ್ದು ತಪ್ಪು.

ಅಪರಿಚಿತನ ಚಿತ್ರದಿಂದ ಇನ್ನೊಂದು ಅನುಕೂಲವೂ ಇದೆ: ಬೇಲಿಯೊಳಗಿನವರತ್ತ ಯಾರೂ ಬೆರಳು ತೋರಿಸಬೇಕಿಲ್ಲ. ಗಂಡ, ನೆಂಟ, ನೆರೆಯವ, ಕೆಲವೊಮ್ಮೆ ಕಾವಲಿಗೆ ನಿಂತವನೇ ಕೈಮಾಡುವುದು ಶಿಬಿರಗಳಲ್ಲಿ ಹೊಸದೇನಲ್ಲ. ‘ಅದು ಅವರ ಸಂಸ್ಕೃತಿ’ ಎನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜೇ ಉತ್ತರ: ಜಗತ್ತಿನ ಸುಮಾರು ಮೂವರಲ್ಲಿ ಒಬ್ಬ ಮಹಿಳೆ ಜೀವಮಾನದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸುತ್ತಾಳೆ. ಶಿಬಿರ ಇದಕ್ಕೆ ಸೇರಿಸುವುದು ದುಡಿಮೆಯಿಲ್ಲದ ದಿನಗಳನ್ನು, ಚಿಲಕ ಗಟ್ಟಿಯಿಲ್ಲದ ಬಾಗಿಲನ್ನು, ಬಿಟ್ಟು ಹೋಗಲು ಬೇರೆ ಊರಿಲ್ಲದ ಸ್ಥಿತಿಯನ್ನು.

ದೂರು ಕಡಿಮೆ ಬಂದರೆ ಹಿಂಸೆಯೂ ಕಡಿಮೆ ಎಂಬ ನಂಬಿಕೆ ಇವೆಲ್ಲಕ್ಕಿಂತ ಅಪಾಯಕಾರಿ. ದಾದಾಬ್‌ನ ಎಷ್ಟೋ ಪ್ರಕರಣಗಳು ಪೊಲೀಸರವರೆಗೆ ಹೋಗುವುದೇ ಇಲ್ಲ. ‘ಮಸ್ಲಹಾ’ ಎಂಬ ಪಂಚಾಯ್ತಿಯಲ್ಲಿ ಕುಲದ ಹಿರಿಯ ಗಂಡಸರು ಕೂತು ಪರಿಹಾರ ನಿಗದಿ ಮಾಡುತ್ತಾರೆ, ಅದು ಸಲ್ಲುವುದು ಹೆಚ್ಚಾಗಿ ಕುಟುಂಬಕ್ಕೆ, ನೊಂದವಳಿಗಲ್ಲ. ಅವಳು ಪಟ್ಟು ಹಿಡಿದರೆ ಪಡಿತರದ ಸಾಲಿನಲ್ಲಿ, ನೀರಿನ ನಲ್ಲಿಯ ಬಳಿ ಎದುರಾಗುವವರು ಮತ್ತದೇ ಕುಲದವರು. ಇದನ್ನೆಲ್ಲ ಬಲ್ಲ ಪರಿಹಾರ ಸಂಸ್ಥೆಗಳು 2005ರ ಜಂಟಿ ಮಾರ್ಗಸೂಚಿಯಲ್ಲಿ ಪುರಾವೆ ಕೈಗೆ ಬರುವವರೆಗೆ ಕಾಯಬೇಡಿ, ಹಿಂಸೆ ನಡೆಯುತ್ತಿದೆ ಎಂದೇ ಭಾವಿಸಿ ಕೆಲಸ ಶುರುಮಾಡಿ ಎಂದವು. ಅಂದರೆ ಚಿಕಿತ್ಸೆ, ಆಪ್ತಸಮಾಲೋಚನೆ, ಶಿಬಿರಕ್ಕೇ ಬರುವ ಸಂಚಾರಿ ನ್ಯಾಯಾಲಯ ಮೊದಲ ದೂರಿಗಿಂತ ಮುಂಚೆಯೇ ಸಿದ್ಧವಿರಬೇಕು. ಅವು ಇಲ್ಲದ ಕಡೆ ದೂರು ಕೊಡಲು ಅವಳಿಗೆ ಕಾರಣವಾದರೂ ಏನಿದೆ?