ಕಾಲ್ಚೆಂಡಿನ ತಂಡವನ್ನು ಕಟ್ಟುವ ಬಗೆ

2018ನೆಯ ಇಸವಿ ಮಾರ್ಚ್ 17ರ ರಾತ್ರಿ ಚೆನ್ನೈಯ ಅನೇಕ ಕನ್ನಡಿಗರಿಗೆ ಧರ್ಮಸಂಕಟವೊಂದು ಒದಗಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ. ಒಂದು ಕಡೆ ತವರಿನ ಬೆಂಗಳೂರು ಎಫ್.ಸಿ.; ಮತ್ತೊಂದು ಕಡೆ ಅನ್ನವಿತ್ತ ಊರಿನ ಚೆನ್ನೈಯಿನ್ ಎಫ್.ಸಿ. ಒಂಬತ್ತನೆಯ ನಿಮಿಷದಲ್ಲಿ ಸುನಿಲ್ ಛೇತ್ರಿಯವರು ಗೋಲು ಹೊಡೆದಾಗ ತವರು ಗೆದ್ದಿತೆಂದೇ ನಾವು ಭಾವಿಸಿದೆವು. ಲೀಗಿನಲ್ಲಿ ಬೆಂಗಳೂರು ಗಳಿಸಿದ್ದು 40 ಅಂಕ, ಚೆನ್ನೈ 32. ಆದರೂ ಕಡೆಗೆ 3-2ರಿಂದ ಗೆದ್ದುದು ಚೆನ್ನೈ.

ಈ ಗೆಲುವಿನ ಬೀಜವನ್ನು ಬಿತ್ತಿದ್ದು ಮೈದಾನದಲ್ಲಲ್ಲ, ಕಛೇರಿಯಲ್ಲಿ. ಮಾರ್ಚಿನಲ್ಲಲ್ಲ, ಹಿಂದಿನ ಜುಲೈ ತಿಂಗಳಿನಲ್ಲಿ. 2016ರಲ್ಲಿ ಚೆನ್ನೈ ಎಂಟು ತಂಡಗಳ ಪೈಕಿ ಏಳನೆಯದಾಗಿ ನಿಂತಿತ್ತು. ಆಮೇಲೆ ಇಂಗ್ಲೆಂಡಿನ ಜಾನ್ ಗ್ರೆಗರಿಯವರನ್ನು ತರಬೇತುದಾರರನ್ನಾಗಿ ನೇಮಿಸಿ, ತಂಡವನ್ನು ಹೊಸದಾಗಿ ಕಟ್ಟಲಾಯಿತು. 2017ರ ಜುಲೈ 23ರಂದು ಮುಂಬಯಿಯಲ್ಲಿ ನಡೆದ ಆಯ್ಕೆಯ ಸಭೆಯಲ್ಲಿ ಹತ್ತು ತಂಡಗಳವರು ಸರದಿಯಂತೆ ಭಾರತೀಯ ಆಟಗಾರರನ್ನು ಆರಿಸಿಕೊಂಡರು. ಹಳೆಯ ಆಟಗಾರರಲ್ಲಿ ಕೆಲವರನ್ನು ಮಾತ್ರ ಮೊದಲೇ ಉಳಿಸಿಕೊಳ್ಳಬಹುದಾಗಿತ್ತು. ಬೆಂಗಳೂರು ಛೇತ್ರಿಯವರನ್ನೂ ಉದಾಂತ ಸಿಂಗರನ್ನೂ ಉಳಿಸಿಕೊಂಡಿತು. ಚೆನ್ನೈ ಮಿಜೋರಮಿನ ಜೇಜೆ ಲಾಲ್‌ಪೆಖ್ಲುವಾ ಅವರನ್ನೂ ಗೋಲ್‌ರಕ್ಷಕ ಕರಣ್‌ಜಿತ್ ಸಿಂಗರನ್ನೂ ಉಳಿಸಿಕೊಂಡಿತು.

ಹಣವಿದ್ದರೆ ಹೆಸರಾಂತವರನ್ನೆಲ್ಲ ಕೊಂಡು ತರಬಹುದಲ್ಲವೇ ಎಂದು ವಾಚಕರು ಕೇಳಬಹುದು. ಈ ಪ್ರಶ್ನೆಗೆ ಉತ್ತರವನ್ನು ನಾವು ಹಿಂದೆ ಹೋಟೆಲು ನಡೆಸುತ್ತಿದ್ದಾಗಲೇ ಕಲಿತೆವು. ಪ್ರಸಿದ್ಧ ದೋಸೆ ಮಾಸ್ತರರಿಬ್ಬರನ್ನು ದುಬಾರಿ ಸಂಬಳಕ್ಕೆ ಕರೆತಂದೆವು. ಹಿಟ್ಟು ರುಬ್ಬುವವನಿಗೆ ಕೊಡಲು ಹಣ ಉಳಿಯಲಿಲ್ಲ. ಕಾವಲಿ ಕಾದಿತ್ತು, ಹಿಟ್ಟು ಬರಲಿಲ್ಲ. ಗಿರಾಕಿಗಳು ಎದುರಿನ ಹೋಟೆಲಿಗೆ ನಡೆದರು. ಕಾಲ್ಚೆಂಡಿನ ತಂಡಕ್ಕೂ ಇದೇ ನ್ಯಾಯ. ಗೋಲು ಹೊಡೆಯುವವರು ನಾಲ್ವರಿದ್ದು ಎಡಬದಿಯನ್ನು ಕಾಯುವವನಿಲ್ಲದಿದ್ದರೆ ಆ ತಂಡ ಸೋಲುವುದು ನಿಶ್ಚಯ.

ಆದುದರಿಂದ ಕಛೇರಿಯವರು ಮೊದಲು ಹೆಸರುಗಳನ್ನು ಬರೆಯುವುದಿಲ್ಲ, ಸ್ಥಾನಗಳನ್ನು ಬರೆಯುತ್ತಾರೆ. ಪ್ರತಿ ಸ್ಥಾನಕ್ಕೂ ಒಬ್ಬ, ಅವನು ಗಾಯಗೊಂಡರೆ ಇನ್ನೊಬ್ಬ. ಯಾರ ಕರಾರು ಎಂದು ಮುಗಿಯುತ್ತದೆ, ಯಾರಿಗೆ ವಯಸ್ಸಾಯಿತು, ಯಾವ ಹುಡುಗನನ್ನು ಒಂದು ವರ್ಷ ಬೇರೆ ತಂಡಕ್ಕೆ ಎರವಲು ಕೊಟ್ಟು ಪಳಗಿಸಬಹುದು ಎಂಬುದೆಲ್ಲ ಲೆಕ್ಕದ ಪುಸ್ತಕದಲ್ಲಿರಬೇಕು. ವಿದೇಶೀಯರ ಸಂಖ್ಯೆಗೂ ಕಟ್ಟುಪಾಡುಂಟು. 2017-18ರಲ್ಲಿ ತಂಡಕ್ಕೆ ಎಂಟು ಮಂದಿ, ಮೈದಾನದಲ್ಲಿ ಐವರು; 2021-22ರಲ್ಲಿ ಅದು ಆರಕ್ಕೂ ನಾಲ್ಕಕ್ಕೂ ಇಳಿಯಿತು. ಹೊರಗಿನವರ ಸ್ಥಾನ ಕಡಿಮೆಯಾದಷ್ಟೂ ಒಳ್ಳೆಯ ಭಾರತೀಯ ಆಟಗಾರನ ಬೆಲೆ ಏರುತ್ತದೆ.

ಆ ಅಂತಿಮ ಪಂದ್ಯವನ್ನೇ ನೋಡಿರಿ. ಚೆನ್ನೈಯ ಮೊದಲೆರಡು ಗೋಲುಗಳನ್ನು ಗಳಿಸಿದವರು ಮುನ್ಪಡೆಯವರಲ್ಲ. ಬ್ರೆಜಿಲಿನ ಮೈಲ್ಸನ್ ಆಲ್ವೆಸ್ ಎಂಬ ರಕ್ಷಣೆಯ ಆಟಗಾರರು. ಗ್ರೆಗರಿ ನೆಲ್ಸನ್ನರು ಮೂಲೆಯಿಂದ ಒದ್ದ ಚೆಂಡನ್ನು ಎರಡು ಸಲವೂ ತಲೆಯಿಂದ ಗೋಲಿಗೆ ತಳ್ಳಿದರು. ಮೂರನೆಯದು ರಾಫೆಲ್ ಆಗಸ್ಟೊ ಅವರದು. ಈ ಬ್ರೆಜಿಲಿಗರಿಬ್ಬರೂ 2015ರಲ್ಲಿ ಗೋವಾದಲ್ಲಿ ಕಪ್ಪು ಗೆದ್ದ ತಂಡದಲ್ಲಿದ್ದವರು. ಕೈಗುಣ ತಿಳಿದ ಹಳಬರಿಗೆ ಕಛೇರಿ ಕೊಟ್ಟ ಮನ್ನಣೆ ವ್ಯರ್ಥವಾಗಲಿಲ್ಲ. ಅದಕ್ಕೆ ಮುನ್ನ ಮಾರ್ಚ್ 13ರಂದು ಚೆನ್ನೈಯಲ್ಲಿ ಗೋವಾ ತಂಡವನ್ನು 3-0ರಿಂದ ಸೋಲಿಸಿದಾಗ ಒಂದು ಗೋಲು ನಮ್ಮ ವ್ಯಾಸರ್ಪಾಡಿಯ ಧನಪಾಲ್ ಗಣೇಶರದಾಗಿತ್ತು. ದೂರದಿಂದ ತರುವುದು ಒಂದು ವಿದ್ಯೆ. ಮನೆಯ ಹಿತ್ತಿಲಲ್ಲಿರುವುದನ್ನು ಗುರುತಿಸುವುದು ಇನ್ನೂ ದೊಡ್ಡ ವಿದ್ಯೆ.

ಈ ಕಲೆ ಹೊಸದೇನಲ್ಲ. 1950ರ ಆಸುಪಾಸಿನಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘದ ಕಾರ್ಯದರ್ಶಿ ಜೆ. ಸಿ. ಗುಹ ಅವರು ದಕ್ಷಿಣ ದೇಶದಿಂದ ಆಟಗಾರರನ್ನು ಕರೆದೊಯ್ದರು. ಬೆಂಗಳೂರಿನ ಅಹಮದ್ ಖಾನ್ ಮತ್ತು ಧನರಾಜ್, ಜತೆಗೆ ವೆಂಕಟೇಶ್, ಅಪ್ಪಾರಾವ್, ಸಾಲೆ—ಈ ಐವರ ಮುನ್ಪಡೆಯನ್ನು ಬಂಗಾಳಿಗಳು ‘ಪಂಚಪಾಂಡವ’ರೆಂದು ಕರೆದರು. 1949ರಿಂದ 1951ರವರೆಗೆ ಐ.ಎಫ್.ಎ. ಷೀಲ್ಡು ಸತತವಾಗಿ ಆ ಸಂಘದ ಪಾಲಾಯಿತು. ಹೊಟ್ಟೆಪಾಡಿಗೆ ಊರು ಬಿಟ್ಟ ನಮ್ಮಂತೆಯೇ ಅವರೂ ಊರು ಬಿಟ್ಟವರು. ಹೋದ ಊರನ್ನು ತಮ್ಮ ದುಡಿಮೆಯಿಂದ ಗೆದ್ದುಕೊಂಡವರು.

ಒಂದು ಮಾತನ್ನು ಹೇಳದೆ ಈ ಲೇಖನವನ್ನು ಮುಗಿಸಲಾಗದು. 2025ರ ಆಗಸ್ಟಿನಲ್ಲಿ ಲೀಗು ನಡೆಯುವುದೇ ಸಂದೇಹವಾದಾಗ ಬೆಂಗಳೂರು ಎಫ್.ಸಿ. ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯಿತು. ಚೆನ್ನೈಯಿನ್ ಕೂಡ ತನ್ನ ಕೆಲಸಕಾರ್ಯಗಳನ್ನು ಕೆಲಕಾಲ ನಿಲ್ಲಿಸಿತು. ಅಂದು ತವರಿನ ತಂಡ, ಅನ್ನದೂರಿನ ತಂಡ ಎಂಬ ಭೇದ ನಮ್ಮ ಮನಸ್ಸಿನಲ್ಲಿ ಉಳಿಯಲಿಲ್ಲ. ಹೋಟೆಲಿನ ಬಾಗಿಲು ಮುಚ್ಚಿದ ದಿನ ಮಾಲೀಕನಿಗೆ ನಷ್ಟ. ಹಿಟ್ಟು ರುಬ್ಬುವವನಿಗೆ ಉಪವಾಸ. ತಂಡದ ಪಟ್ಟಿಯನ್ನು ಬರೆಯುವವರು ಪ್ರತಿ ಹೆಸರಿನ ಹಿಂದೆಯೂ ಒಂದು ಮನೆಯ ಒಲೆ ಉರಿಯುತ್ತಿದೆಯೆಂಬುದನ್ನು ಮರೆಯಬಾರದು. ಅದನ್ನು ನೆನಪಿನಲ್ಲಿಟ್ಟುಕೊಂಡು ಕಟ್ಟಿದ ತಂಡವು ಸೋತರೂ ಚದುರುವುದಿಲ್ಲ.